ಹಿಮದ ಸೀಮೆಯ ಜೀಪು ಬೆಟ್ಟ ಹತ್ತಿದ್ದು

ಮತ್ತೆ ನಿಲ್ಲಿಸಿದ್ರಾ! ಇದು ಮೂರನೇ ಸಲ. ಒಬ್ಬಳಿಗೆ ನೀರು ಬೇಕು, ಒಬ್ಬನಿಗೆ ಚಾಪೆ ಬೇಕು, ಇನ್ನೊಬ್ಬಳಿಗೆ ಅವನ ಮೊಣಕೈ ತಾಗುತ್ತಂತೆ. ನಾನು ಕತೆಗೆ ಬಾಯಿ ತೆರೆದಾಗಲೇ ನಿಮಗೆಲ್ಲ ಬಾಯಾರಿಕೆ. ಇನ್ನೊಂದು ಸಲ ಅಡ್ಡ ಬಂದರೆ ಕತೆಯ ಪೆದ್ದನನ್ನು ಸಂತೆ ನಡುವೆ ಬಿಟ್ಟು ನಾನು ಅವರೆಕಾಯಿ ಸುಲಿಯೋಕೆ ಹೋಗ್ತೀನಿ. ಹೂಂ ಅನ್ನಿ. ಹೂಂ ಅನ್ನೋಕೆ ಮಾತ್ರ ಬಾಯಿ ತೆಗೀರಿ.

ಕಲ್ಲುಮಟ್ಟಿ ಅಂತ ಬೆಟ್ಟದ ಮೇಲೊಂದು ಊರು. ಆ ಊರಲ್ಲಿ ದುಂಡಮ್ಮ ಅಂತ ಒಬ್ಬ ತಾಯಿ. ಅವಳಿಗೆ ಗುರುಮಲ್ಲ ಅಂತ ಒಬ್ಬನೇ ಮಗ. ಗುರುಮಲ್ಲ ಕೆಟ್ಟವನಲ್ಲ. ಹೇಳಿದ್ದು ಮಾಡುವನು. ಅದೇ ತೊಂದರೆ. ಹೇಳಿದ್ದನ್ನೇ ಮಾಡುವನು, ಹೇಳಿದಷ್ಟೇ ಮಾಡುವನು. ಕಲ್ಲುಕೋರೆಯಲ್ಲಿ ಟ್ರ್ಯಾಕ್ಟರ್ ಓಡಿಸಿ ಕೈ ಪಳಗಿತ್ತು. ತಲೆ ಪಳಗಿರಲಿಲ್ಲ.

“ಇವನನ್ನು ಹೆತ್ತ ದಿನ ನನ್ನ ಬುದ್ಧಿಯೂ ಇವನ ಜೊತೆ ಹೊರಗೆ ಬರಬೇಕಿತ್ತು. ಅದೊಂದು ಒಳಗೇ ಉಳ್ಕೊಂತು” ಅಂತ ದುಂಡಮ್ಮ ಹಣೆ ಚಚ್ಚಿಕೊಳ್ಳುವಳು.

ಊರಿಗೆ ಮೂರು ಮೈಲಿ ಜಲ್ಲಿ ದಾರಿ. ಆಟೋ ಹತ್ತಲ್ಲ. ಕಾರು ಹತ್ತಲ್ಲ. ಹತ್ತಿದರೂ ಅರ್ಧ ದಾರಿಯಲ್ಲಿ ಎರಡು ಚಕ್ರ ಗಿರ್ರನೆ ತಿರುಗುತ್ತವೆ, ಜಲ್ಲಿ ಹಿಂದಕ್ಕೆ ಹಾರುತ್ತೆ, ಗಾಡಿ ಅಲ್ಲೇ ಕೂರುತ್ತೆ. ಗುರುಮಲ್ಲನ ಹೆಂಡತಿ ಚಿಕ್ಕತಾಯಿಯನ್ನು ತುಂಬು ತಿಂಗಳಲ್ಲಿ ಕಂಬಳಿ ಜೋಲಿಯಲ್ಲಿ ಮಲಗಿಸಿ, ನಾಲ್ಕು ಜನ ಹೊತ್ತು ಕೆಳಗಿಳಿಸಿದ್ದರು. ತವರಲ್ಲಿ ಹೆಣ್ಣು ಮಗು ಹೆತ್ತಳು. ಹೆತ್ತು ಹೇಳಿ ಕಳಿಸಿದಳು:

“ಹೋಗುವಾಗ ಹೆಣದ ಹಾಗೆ ಹೊರಿಸ್ಕೊಂಡು ಹೋದೆ. ಬರುವಾಗ ಮನುಷ್ಯಳ ಹಾಗೆ ಕೂತ್ಕೊಂಡು ಬರ್ತೀನಿ. ಮಗೂಗೆ ಐದು ತಿಂಗಳು ತುಂಬೋದರೊಳಗೆ ಗಾಡಿ ತಂದರೆ ಬರ್ತೀನಿ. ಇಲ್ಲ ಅಂದ್ರೆ ನಾನೂ ನನ್ನ ಮಗಳೂ ಇಲ್ಲೇ.”

ತಪ್ಪೇನು ಹೇಳಿದಳು? ಏನೂ ಇಲ್ಲ.

ದುಂಡಮ್ಮ ಎಮ್ಮೆ ಮಾರಿದಳು. ಮಗನನ್ನು ಕೂರಿಸಿಕೊಂಡಳು. “ಪೇಟೇಲಿ ಬುಡೇನ್ ಸಾಬರು ಹಳೇ ಗಾಡಿ ಮಾರ್ತಾರೆ. ಫೋರ್‌ವೀಲ್ ಜೀಪು ನೋಡು. ಮುಂದಿನ ಎರಡು ಚಕ್ರಾನೂ ಎಳೀಬೇಕು, ಹಿಂದಿನ ಎರಡು ಚಕ್ರಾನೂ ಎಳೀಬೇಕು. ಹಳೇ ಗಾಡಿಗೆ ಹೊಸ ಬಣ್ಣ ಬಳಿದು ಮೋಸ ಮಾಡ್ತಾರೆ ಮಗ. ಬಣ್ಣ ನೋಡಬೇಡ. ಬಣ್ಣದ ಕೆಳಗೆ ಏನೈತೆ, ಅದ ನೋಡು.”

“ಬಣ್ಣದ ಕೆಳಗೆ. ಆಯ್ತು ಕನವ್ವ.”

ಹೋದ. ಸಂತೆ ದಿನ. ಸಾಬರ ಅಂಗಳದಲ್ಲಿ ಹಸಿರು ಜೀಪು ಫಳಫಳ ಹೊಳೀತಿತ್ತು. ಸಾಬರು ಟೀ ಹೇಳಿ ಬರೋಕೆ ಹೋದರು. ಟೀ ಬರೋದರೊಳಗೆ ಗುರುಮಲ್ಲ ಸೊಂಟದ ಕುಡುಗೋಲು ತೆಗೆದ. ಬಾಗಿಲು ಕೆರೆದ. ಬಾನೆಟ್ಟು ಕೆರೆದ. ಹಂದಿ ಕೂದಲು ಹೆರೆದ ಹಾಗೆ ಹೆರೆದ.

“ಯಾ ಅಲ್ಲಾ! ಏನ್ ಮಾಡ್ತಾ ಇದೀಯಾ ತಮ್ಮಾ!”

“ಹಸಿರು ಕೆಳಗೆ ನೀಲಿ ಐತೆ ಸಾಬ್ರೆ. ನೀಲಿ ಕೆಳಗೆ ಕೆಂಪೈತೆ. ಕೆಂಪಿನ ಕೆಳಗೆ ಇನ್ನೂ ನೋಡಿಲ್ಲ. ಒಂದು ಗಳಿಗೆ ಇರಿ.”

ಸಾಬರು ಅವನ ಕುಡುಗೋಲು ಕಿತ್ತುಕೊಂಡರು. ಸಂಜೆವರೆಗೆ ಅಂಗಳದ ಗಾಡಿಗಳನ್ನೆಲ್ಲ ತೊಳೆಸಿಕೊಂಡರು. ಸಂತೆಗೆ ಬಂದಿದ್ದ ಕಲ್ಲುಮಟ್ಟಿಯ ಹೆಂಗಸರು ಬೇಲಿಯಾಚೆ ನಿಂತು ನೋಡಿದರು. ಅವನಿಗಿಂತ ಮೊದಲೇ ಊರು ಸೇರಿದರು.

ನಲ್ಲಿ ಹತ್ತಿರ ನಕ್ಕರು. ದುಂಡಮ್ಮ ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು, ಸೆರಗು ಮುಖಕ್ಕೆ ಎಳೆದುಕೊಂಡು ಮನೆಗೆ ಬಂದಳು.

“ಥೂ ನಿನ್ನ! ಪರರ ಗಾಡೀನ ಹಿಂಗೆ ಕೆರೀತಾರೇನ್ಲಾ? ಬೆರಳು ತಾಗಿಸಬೇಡ ಅದರ ಮೈಗೆ! ಕಿವಿ ಕೊಡು. ಇಂಜಿನ್ ಸದ್ದು ಕೇಳು. ಒಳ್ಳೇ ಗಾಡಿ ಸದ್ದಲ್ಲೇ ಗೊತ್ತಾಯ್ತದೆ.”

“ಬೆರಳು ತಾಗಿಸಬಾರದು. ಕಿವಿ ಕೊಡಬೇಕು. ಹಂಗೇ ಮಾಡ್ತೀನಿ ಕನವ್ವ.”

ಮುಂದಿನ ಸಂತೆ. ಸಾಬರು ಒಳ್ಳೇ ಮನುಷ್ಯರು, ಮತ್ತೆ ಒಳಗೆ ಬಿಟ್ಟರು. ಗುರುಮಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಸಾಬರು ಬಿಳೀ ಜೀಪು ಸ್ಟಾರ್ಟ್ ಮಾಡಿದರು, ಹ್ಯಾಂಡ್‌ಬ್ರೇಕ್ ಎಳೆದರು, ಇಳಿದು ಯಾರ ಹತ್ತಿರವೋ ಮಾತಿಗೆ ನಿಂತರು. ಗುರುಮಲ್ಲ ಬಾಗಿ ಕಿವಿ ಕೊಟ್ಟ. ಆಹಾ, ಏನು ಸದ್ದು!

ಹಳೇ ಬ್ರೇಕು. ಗಾಡಿ ಮೆಲ್ಲಗೆ ಹೊರಟಿತು. ಗುರುಮಲ್ಲನೂ ಕಿವಿ ಕೊಟ್ಟುಕೊಂಡು ಪಕ್ಕದಲ್ಲೇ ಹೊರಟ. ಗಾಡಿ ಗೇಟು ದಾಟಿತು. ಅವನೂ ದಾಟಿದ. ಗಾಡಿ ಇಳಿಜಾರಲ್ಲಿ ಓಡಿತು. ಅವನೂ ಕೈ ಕಟ್ಟಿಕೊಂಡೇ ಓಡಿದ.

“ಹಿಡಿಯೋ! ಒಳಗೆ ಹಾರೋ! ಬ್ರೇಕ್ ತುಳಿಯೋ!”

ಹಿಡಿಯಲಿಲ್ಲ. ಹಾರಲಿಲ್ಲ. ಜೀಪು ಹೋಗಿ ಟೊಮೇಟೊ ರಾಶಿಯೊಳಗೆ ನುಗ್ಗಿ ನಿಂತಿತು. ಜನಕ್ಕೆ ಏನೂ ಆಗಲಿಲ್ಲ. ಟೊಮೇಟೊ ಸಾರಾಯ್ತು.

“ಯಾಕೋ ಹಿಡೀಲಿಲ್ಲ?”

“ಮುಟ್ಟಬೇಡ ಅಂದವ್ಳೆ ಅವ್ವ. ಕಿವಿ ಮಾತ್ರ ಕೊಟ್ಟಿದ್ದೆ. ಕೊನೇವರೆಗೂ ಒಳ್ಳೇ ಸದ್ದು ಮಾಡ್ತು ಸಾಬ್ರೆ.”

ಈ ಸಲ ದುಂಡಮ್ಮನಿಗೇ ಹೇಳಿ ಕಳಿಸಿದರು. ಬಂದಳು. ಅಷ್ಟು ಜನರ ಎದುರು ನೆಲಕ್ಕೆ ಕೂತು ಒಡೆಯದ ಟೊಮೇಟೊ ಆರಿಸಿಕೊಟ್ಟಳು. ಒಬ್ಬರ ಮುಖವನ್ನೂ ನೋಡಲಿಲ್ಲ. ದಾರಿಯುದ್ದಕ್ಕೂ ಬೈದಳು.

“ಗಾಡಿ ಉರುಳಿದರೆ ಬೇರೆ ಯೋಚನೆ ಮಾಡಬಾರದು ಕಣ್ಲಾ! ಓಡಿ ಹೋಗಿ ಕಲ್ಲು ತಂದು ಚಕ್ರದ ಕೆಳಗೆ ಕೊಡಬೇಕು. ಆಮೇಲೆ ಇನ್ನೊಂದು ಮಾತು. ಮಾರೋರು ಬಾಯಲ್ಲಿ ಹೇಳಿದ್ದ ನಂಬಬೇಡ. ಏನು ಹೇಳ್ತಾರೋ ಅದನ್ನ ಎದುರಿಗೇ ಮಾಡಿಸಿ ನೋಡು.”

“ಕಲ್ಲು ಕೊಡಬೇಕು. ಮಾಡಿಸಿ ನೋಡಬೇಕು. ಆಯ್ತು ಕನವ್ವ.”

ಅಷ್ಟರಲ್ಲಿ ಮಗುವಿಗೆ ನಾಲ್ಕು ತಿಂಗಳಾಗಿತ್ತು. ಬೀಗರ ಊರಿಗೂ ಸುದ್ದಿ ಮುಟ್ಟಿತ್ತು. ಚಿಕ್ಕತಾಯಿಯ ತಂಗಿ ಬಾಗಿಲಲ್ಲಿ ಕಿವಿ ಒಡ್ಡಿಕೊಂಡು ನಡೆದು ತೋರಿಸಿದಳಂತೆ, ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಚಿಕ್ಕತಾಯಿ ಮಗುವಿಗೆ ಹಾಲು ಕೊಡುವ ನೆಪ ಮಾಡಿ ಗೋಡೆ ಕಡೆ ತಿರುಗಿದಳಂತೆ. ಗಂಡ ಪೆದ್ದ ಅಂತ ಊರೇ ನಕ್ಕರೂ ತಡೆಯಬಹುದು. ತವರು ನಕ್ಕರೆ ತಡೆಯೋದು ಕಷ್ಟ.

ಹೂಂ ಅನ್ನಿ! ಮಲಗಿಬಿಟ್ರೇನು?

ಮೂರನೇ ಸಂತೆಗೆ ಸಾಬರ ಹತ್ತಿರ ಒಂದು ಬೂದು ಜೀಪು ಬಂದಿತ್ತು. “ತಮ್ಮಾ, ಇದು ಹಿಮದ ಸೀಮೆ ಗಾಡಿ. ಮಿಲಿಟರಿಯವರು ಹರಾಜಿಗೆ ಹಾಕಿದ್ದು. ಮೊಣಕಾಲುದ್ದ ಹಿಮದಲ್ಲಿ ಓಡಿದೆ. ನೋಡು, ಈ ಸಣ್ಣ ಗೇರು ಹಾಕಿದರೆ ನಾಲ್ಕೂ ಚಕ್ರ ಎಳೀತವೆ. ಮಂಜುಗಡ್ಡೆ ಮೇಲೂ ಜಾರಲ್ಲ. ನಿಮ್ಮ ಜಲ್ಲಿ ಯಾವ ಲೆಕ್ಕ?”

“ಮಂಜುಗಡ್ಡೆ ಮೇಲೆ ಹತ್ತಿಸಿ ತೋರಿಸಿ.”

“ಈ ಬಿಸಿಲಲ್ಲಿ ಮಂಜುಗಡ್ಡೆ ಎಲ್ಲಿಂದ ತರಲಿ ಮಾರಾಯ?”

“ನಾನು ತರ್ತೀನಿ.”

ಹೋದ. ಸಂತೆಯ ಆ ತುದಿಯಲ್ಲಿ ಮೀನು ಮಾರುವ ಚೌಡಮ್ಮ ಊಟಕ್ಕೆ ಎದ್ದಿದ್ದಳು. ಅವಳ ಪೆಟ್ಟಿಗೆ ತುಂಬ ಐಸು. ಐಸಿನೊಳಗೆ ಮೀನು. ನಾಲ್ಕು ಪೆಟ್ಟಿಗೆ ತಂದು ಅಂಗಳದ ಏರಿನ ಮೇಲೆ ಸುರಿದ, ಮೀನು ಸಮೇತ. ಸಾಬರಿಗೆ ಸಿಟ್ಟೂ ಬಂತು, ಹಟವೂ ಬಂತು. ಸಣ್ಣ ಗೇರು ಹಾಕಿದರು. ಜೀಪು ಐಸಿನ ಮೇಲೆ ಹತ್ತಿತು, ಮೀನಿನ ಮೇಲೆ ಹತ್ತಿತು, ಒಂದು ಗೇಣೂ ಜಾರದೆ ಮೇಲೆ ಹೋಗಿ ನಿಂತಿತು.

“ಈಗ ನಂಬಿದ್ಯಾ?”

“ನಂಬಿದೆ ಸಾಬ್ರೆ!”

ಚೌಡಮ್ಮ ನಂಬಲಿಲ್ಲ. ಅವಳು ಬಂದು ನೋಡಿ ಆಡಿದ ಮಾತನ್ನು ನಿಮ್ಮ ಮುಂದೆ ನಾನು ಹೇಳೋ ಹಾಗಿಲ್ಲ. ಅರೆದ ಮೀನೆಲ್ಲ ಅವನ ತಲೆಗೇ ಕಟ್ಟಿದಳು. ಬಸ್ಸಲ್ಲಿ ಪಕ್ಕದವರು ಎದ್ದರು, ಹಿಂದಿನವರು ಎದ್ದರು, ಕೊನೆಗೆ ಕಂಡಕ್ಟರು ಅವನನ್ನೇ ಎಬ್ಬಿಸಿ ಇಳಿಸಿದ. ನಡೆದು ಬಂದ. ಅವನಿಗಿಂತ ಮೊದಲು ವಾಸನೆ ಬಂತು.

“ಅವ್ವಾ, ಗಾಡಿ ಸಿಕ್ತು!” ಅಂದ. ಮುಖ ಅರಳಿತ್ತು.

ದುಂಡಮ್ಮ ಆ ಮುಖ ನೋಡಲಿಲ್ಲ, ಮೀನು ನೋಡಿದಳು. “ಊರ ಮುಂದೆ ಇನ್ನೂ ಎಷ್ಟು ಸಲ ನನ್ನ ತಲೆ ತಗ್ಗಿಸ್ತೀಯಾ? ನಿನ್ನ ನಂಬಿ ಕೂತರೆ ಮೊಮ್ಮಗಳ ಮದುವೆಗೆ ಗಾಡಿ ಬಂದೀತು. ನಾನೇ ಬರ್ತೀನಿ ನಡಿ!”

ಬಂದಳು. ಮಾತಾಡಿದಳು. ಕೊಂಡಳು. ಒಂದು ನಿಜ ಹೇಳಬೇಕು: ಮಗ ಆರಿಸಿದ್ದ ಗಾಡಿಯನ್ನೇ ಕೊಂಡಳು. ಅದಕ್ಕೊಂದು ಹೂಮಾಲೆ ಹಾಕಿ, ಮುಂದಿನ ಸೀಟಲ್ಲಿ ಸೆರಗು ಸರಿಮಾಡಿಕೊಂಡು ಕೂತಳು. ಬೆಟ್ಟದ ಬುಡದಲ್ಲಿ ಸಂತೆ ಮುಗಿಸಿದ ಕಲ್ಲುಮಟ್ಟಿಯವರೆಲ್ಲ ನಡೆದು ಹೋಗ್ತಿದ್ದರು. ನಕ್ಕವರೆಲ್ಲ ಅಲ್ಲೇ ಇದ್ದರು.

“ಹತ್ತ್ರವ್ವ, ಹತ್ತ್ರಣ್ಣ! ನಮ್ಮ ಮನೇ ಗಾಡಿ!”

ಹದಿನಾರು ಜನ ಹತ್ತಿದರು. ಮೂರು ಮೂಟೆ ಹತ್ತಿತು. ಎರಡು ಆಡು ಹತ್ತಿದವು. ಆನೆತಿರುವು ಅಂತ ಒಂದು ಕಡಿದಾದ ತಿರುವು, ಸರಿಯಾಗಿ ಅರ್ಧ ದಾರಿ. ಅಲ್ಲಿ ಜೀಪು ಉಸಿರು ಬಿಟ್ಟಿತು. ಒಂದು ಗೇಣು ಹಿಂದಕ್ಕೆ ಸರಿಯಿತು.

“ಲೋ, ಗಾಡಿ ಉರುಳ್ತಾ ಐತೆ!”

ಉರುಳ್ತಾ ಐತೆ! ಗುರುಮಲ್ಲನಿಗೆ ಅವ್ವನ ಮಾತು ನೆನಪಾಯ್ತು. ಸ್ಟೇರಿಂಗು ಬಿಟ್ಟ, ಬ್ರೇಕು ಬಿಟ್ಟ, ಕೆಳಗೆ ಹಾರಿದ, ಕಲ್ಲು ಹುಡುಕೋಕೆ ಓಡಿದ. ಹದಿನಾರು ಜನ, ಎರಡು ಆಡು, ಒಬ್ಬಳು ದುಂಡಮ್ಮ, ಎಲ್ಲರೂ ಒಟ್ಟಿಗೆ ಅರಚಿದರು. ಪುಣ್ಯಕ್ಕೆ ಹಿಂದೆ ಲಂಟಾನ ಪೊದೆ. ಜೀಪು ಹೋಗಿ ಪೊದೆಗೆ ಬೆನ್ನು ಕೊಟ್ಟು ನಿಂತಿತು. ಆಗ ಗುರುಮಲ್ಲ ಒಳ್ಳೇ ಕಲ್ಲೊಂದು ಹೊತ್ತು ತಂದ.

“ಸಿಕ್ತು ಕನವ್ವ! ಎಲ್ಲಿಗೆ ಕೊಡಲಿ?”

ದುಂಡಮ್ಮನಿಗೆ ಎಲ್ಲರೂ ಇಳಿದು ಮುಳ್ಳು ಕಿತ್ತುಕೊಳ್ಳೋದನ್ನು ನೋಡೋಕಾಗಲಿಲ್ಲ. ಹೂಮಾಲೆಯ ಗಾಡಿ, ಹತ್ತಿ ಅಂತ ತಾನೇ ಕರೆದಿದ್ದು. ನಾಚಿಕೆ ತಾಳದೆ ಮಗನ ಕಡೆ ತಿರುಗಿ ಕೂಗಿದಳು: “ಕೇಳಿಸ್ಕೊ! ಇನ್ಮೇಲೆ ಆನೆತಿರುವು ಬಂತು ಅಂದ್ರೆ ಒಂದು ನರಪಿಳ್ಳೆ ಗಾಡೀಲಿ ಇರಕೂಡದು! ಒಂದು ಮೂಟೆ ಇರಕೂಡದು! ಕೈಯಲ್ಲಿ ಕಲ್ಲು ಹಿಡ್ಕೊಂಡೇ ಇರು, ಕೆಳಗೆ ಇಡಬೇಡ!”

“ಆಯ್ತು ಕನವ್ವ.”

ಐದು ತಿಂಗಳು ತುಂಬುವ ಸೋಮವಾರ ಬಂತು. ದುಂಡಮ್ಮ ಬೆಳಗ್ಗೆ ಜೀಪಿನ ಸುತ್ತ ಮೂರು ಸುತ್ತು ಬಂದಳು. “ಬಣ್ಣ ಕೀಳದ ಹಾಗೆ ನೋಡ್ಕೊ. ಹಳ್ಳದಲ್ಲಿ ಇಳಿಸಬೇಡ. ಸಣ್ಣ ಗೇರು ಮರೀಬೇಡ. ಸೀಟಿನ ಪ್ಲಾಸ್ಟಿಕ್ ಹರೀಬಾರದು. ತಿರುವಿನ ಮಾತು ನೆನಪೈತಾ? ಹೂಂ, ಹೋಗಿ ಅವರನ್ನ ಕರ್ಕೊಂಡು ಬಾ.”

ಚಿಕ್ಕತಾಯಿ ಹಸಿರು ಸೀರೆ ಉಟ್ಟು, ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದಿನ ಸೀಟಲ್ಲಿ ಕೂತಳು. ಹಿಂದೆ ತವರಿನವರು ಕೊಟ್ಟ ತೊಟ್ಟಿಲು. ತಂಗಿ ಈ ಸಲ ನಗಲಿಲ್ಲ. ಜೀಪು ಜಲ್ಲಿ ಮೇಲೆ ಜಾರದೆ ಕುಲುಕದೆ ಹತ್ತಿತು. ಚಿಕ್ಕತಾಯಿ ಗಂಡನ ಕೈ ನೋಡಿದಳು. ಚೆನ್ನಾಗಿ ಓಡಿಸ್ತಾನೆ, ಜನ ಸುಮ್ಮನೆ ಆಡಿಕೊಳ್ತಾರೆ ಅಂದುಕೊಂಡಳು.

ಆನೆತಿರುವು ಬಂತು. ಗುರುಮಲ್ಲ ಗಾಡಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದ.

“ಇಳಿ ಅಮ್ಮಿ.”

“ಯಾಕೆ?”

“ನರಪಿಳ್ಳೆ ಇರಕೂಡದು.”

ಇಳಿದಳು. ತೊಟ್ಟಿಲು ಇಳಿಸಿದ. ಆಮೇಲೆ ತಾನೂ ಇಳಿದ, ದಾರಿ ಬದಿಯ ದಪ್ಪ ಕಲ್ಲೊಂದನ್ನು ಎತ್ತಿಕೊಂಡ.

“ನೀವ್ಯಾಕೆ ಇಳಿದ್ರಿ? ಓಡಿಸೋರು ಯಾರು?”

“ನಾನೂ ನರಪಿಳ್ಳೆ ತಾನೇ?”

ಎದುರುಗೊಳ್ಳೋಕೆ ತಿರುವಿನವರೆಗೆ ಬಂದಿದ್ದ ಏಳೆಂಟು ಗಂಡಸರು ಮುಖ ಮುಖ ನೋಡಿಕೊಂಡರು. ಹೇಳಿದರು, ಬೈದರು, ಕೈ ಹಿಡಿದು ಎಳೆದರು. ಹತ್ತಲಿಲ್ಲ. ಅವ್ವ ಅಂದವಳೆ, ಮುಗೀತು. ಕೊನೆಗೆ ಜೀಪಿನ ಮೂತಿಗೆ ಹಗ್ಗ ಕಟ್ಟಿದರು. ಒಬ್ಬ ಹೊರಗಿನಿಂದಲೇ ಕೈ ಹಾಕಿ ಸ್ಟೇರಿಂಗು ಹಿಡಿದ. “ಐಸಾ!” ಅಂತ ಎಳೆದರು. ನಾಲ್ಕು ಚಕ್ರವೂ ಎಳೆಯುವ ಗಾಡಿಯನ್ನು ಎಂಟು ಜನ ಎಳೆದರು. ಅದರ ಹಿಂದೆ ಗುರುಮಲ್ಲ, ಎರಡೂ ಕೈಯಲ್ಲಿ ಕಲ್ಲು. ಅವನ ಹಿಂದೆ ಚಿಕ್ಕತಾಯಿ, ತಲೆ ಮೇಲೆ ತೊಟ್ಟಿಲು, ಸೊಂಟದಲ್ಲಿ ಮಗಳು.

“ಮಗೂನಾದರೂ ಎತ್ಕೊಳ್ಳಿ.”

“ಕಲ್ಲು ಕೆಳಗೆ ಇಡಬೇಡ ಅಂದವ್ಳೆ.”

“ತಿರುವು ದಾಟಿ ಆಯ್ತಲ್ಲ! ಈಗಲಾದರೂ ಹತ್ತಲಾ?”

“ಇಳಿಸು ಅಂದವ್ಳೆ. ಮತ್ತೆ ಹತ್ತಿಸು ಅಂದಿಲ್ಲ.”

ಒಂದೂವರೆ ಮೈಲಿ. ಮಟಮಟ ಬಿಸಿಲು. ಒಂದು ಕಡೆ ಅವಳ ಚಪ್ಪಲಿ ಉಂಗುಷ್ಟ ಕಿತ್ತಿತು. ಗುರುಮಲ್ಲ ಹಿಂದೆ ತಿರುಗಿ ಅವಳ ಕಾಲು ನೋಡಿದ, ಕಲ್ಲು ನೋಡಿದ, ಮತ್ತೆ ಕಾಲು ನೋಡಿದ. ಕಣ್ಣಲ್ಲಿ ನೀರು ಬಂತು. ಕಲ್ಲು ಇಡಲಿಲ್ಲ.

ಊರ ಬಾಗಿಲಲ್ಲಿ ದುಂಡಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಜೀಪು ಕಂಡಿತು. ಸೀಟೆಲ್ಲ ಖಾಲಿ. ಪ್ಲಾಸ್ಟಿಕ್ ಹರಿದಿರಲಿಲ್ಲ. ಬಣ್ಣ ಕಿತ್ತಿರಲಿಲ್ಲ. ಅದರ ಹಿಂದೆ ಸೊಸೆ ಬರಿಗಾಲಲ್ಲಿ ಕುಂಟುತ್ತಾ ಬಂದು ನಿಂತಳು, ತೊಟ್ಟಿಲು ಇಳಿಸಿದಳು, ಮಗುವಿನ ಮುಖದ ಧೂಳನ್ನು ಸೆರಗಲ್ಲಿ ಒರೆಸಿದಳು.

ದುಂಡಮ್ಮ ಮಗನ ಕಡೆ ತಿರುಗಿ ಬೈಯೋಕೆ ಬಾಯಿ ತೆರೆದಳು.

“ಅವರನ್ನ ಬೈಬೇಡಿ ಅತ್ತಮ್ಮ” ಅಂದಳು ಚಿಕ್ಕತಾಯಿ. “ನೀವು ಹೇಳಿದ್ದನ್ನೆಲ್ಲ ದಾರೀಲಿ ನನಗೆ ಒಪ್ಪಿಸವ್ರೆ. ಒಂದು ಮಾತೂ ಬಿಡದೆ ಮಾಡವ್ರೆ.”

ಗುರುಮಲ್ಲ ಕಲ್ಲು ಹಿಡಿದುಕೊಂಡೇ ಹೌದು ಅಂತ ತಲೆ ಆಡಿಸಿದ. ಆಮೇಲೆ ಚಿಕ್ಕತಾಯಿ ಊರವರೆಲ್ಲರ ಎದುರು ಅತ್ತೆಯನ್ನು ಒಂದೇ ಒಂದು ಮಾತು ಕೇಳಿದಳು. ದನಿ ಏರಿಸದೆ ಕೇಳಿದಳು. ದುಂಡಮ್ಮ ಸೆರಗು ಮುಖಕ್ಕೆ ಎಳೆದುಕೊಂಡಳು.

“ಬಣ್ಣದ ವಿಚಾರ ಹೇಳಿದ್ರಿ, ಸೀಟಿನ ವಿಚಾರ ಹೇಳಿದ್ರಿ, ಗೇರಿನ ವಿಚಾರ ಹೇಳಿದ್ರಿ. ನನ್ನ ವಿಚಾರ ಏನಂತ ಹೇಳಿ ಕಳಿಸಿದ್ರಿ ಅತ್ತಮ್ಮ?”