ಮಗ್ಗದ ಮೇಲಿನ ಬಲ್ಬು

"ಗುರುಗಳೇ, ಕರೆಂಟು ಉಳಿಸುವ ಹೊಸ ಬಲ್ಬು ಹಾಕೋಣವೆಂದು ಮನೆಯಲ್ಲಿ ಅಣ್ಣ ಹಟ ಹಿಡಿದಿದ್ದಾನೆ. ಕೆಲವರು ಒಳ್ಳೆಯದು ಎನ್ನುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ನನಗಂತೂ ಅನುಮಾನ. ಏನು ಮಾಡಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ನೇಕಾರನಿದ್ದ. ಅವನಿಗೂ ನಿನ್ನಂತೆಯೇ ಅನುಮಾನ. ಹೆಂಡತಿ ಹೊಸ ಬಲ್ಬು ತಂದಿಟ್ಟರೆ ಅವನು ಅದನ್ನು ಮುಟ್ಟಲಿಲ್ಲ. ಹಾಕಿಸಿಕೊಂಡವರ ಮನೆಗಳಿಗೆ ಹೋಗಿ ವಿಚಾರಿಸಿದ. ಕಣ್ಣು ಉರಿಯುತ್ತದೆಯೇ, ಬೇಗ ಕೆಡುತ್ತದೆಯೇ, ಒಡೆದರೆ ವಿಷವೇ ಎಂದೆಲ್ಲ ಕೇಳಿದ. ಕೊನೆಗೆ ಮಗ್ಗದ ಮೇಲೆ ತೂಗುಹಾಕಿದ. ಕರೆಂಟಿನ ಬಿಲ್ಲು ಇಳಿಯಿತು. ನೆತ್ತಿಗೆ ಕಾವು ತಾಗುವುದು ನಿಂತಿತು. ಬಲ್ಬಿನ ಮೇಲಿದ್ದ ಅನುಮಾನ ಹೋಯಿತು.

ಆ ದಿನಗಳಲ್ಲಿ ಒಬ್ಬ ಹೆಂಗಸು ಮಗಳ ಮದುವೆಗೆಂದು ಕುಂಕುಮ ಬಣ್ಣದ ರೇಷ್ಮೆ ಸೀರೆ ನೇಯಲು ಹೇಳಿದಳು. ನೂಲಿಗೆ ಬಣ್ಣ ಹಾಕುತ್ತಿದ್ದವನು ನೇಕಾರನ ಬಾಲ್ಯದ ಗೆಳೆಯ. ಅವನು ಎಂದಿನಂತೆ ಬಣ್ಣ ಹಾಕಿದ ನೂಲಿನ ಲಡಿಗಳನ್ನು ತಂದು ಕೊಟ್ಟ. ನೇಕಾರ ಅವನ್ನು ಬಲ್ಬಿನ ಕೆಳಗೆ ಹಿಡಿದು ನೋಡಿದ. ಕೆಂಪು ಕಪ್ಪಿಟ್ಟಂತೆ ಕಂಡಿತು.

"ಅಗ್ಗದ ಬಣ್ಣ ಹಾಕಿದ್ದೀಯ," ಎಂದ.

"ಯಾವಾಗಲೂ ಹಾಕುವ ಬಣ್ಣವೇ ಕಣಯ್ಯ. ಅಂಗಳಕ್ಕೆ ಬಾ, ಬಿಸಿಲಿನಲ್ಲಿ ನೋಡು."

"ಬಿಸಿಲಿಗೆ ಹಿಡಿದರೆ ಕಸವೂ ಹೊಳೆಯುತ್ತದೆ. ನಿನ್ನ ಕಳ್ಳತನ ನನಗೆ ಗೊತ್ತಾಯಿತು, ಹೋಗು."

ಬಣ್ಣಗಾರ ಲಡಿಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟುಹೋದ.

ನೇಕಾರ ಬೇರೊಬ್ಬ ಬಣ್ಣಗಾರನನ್ನು ಮನೆಗೆ ಕರೆಸಿ, ಅದೇ ಬಲ್ಬಿನ ಕೆಳಗೆ ಕೂರಿಸಿ, ತನ್ನ ಕಣ್ಣಿಗೆ ಕುಂಕುಮವೆನಿಸುವವರೆಗೂ ಬಣ್ಣ ತಿದ್ದಿಸಿದ. ಸೀರೆ ಮುಗಿಯಿತು. ಹೆಂಗಸು ಬಂದು ಅದನ್ನು ಹಗಲು ಬೆಳಕಿನಲ್ಲಿ ಬಾಗಿಲ ಬಳಿ ಬಿಡಿಸಿದಳು.

"ಇದೇನು, ಇಟ್ಟಿಗೆಯ ಬಣ್ಣ! ಹಸೆಮಣೆಯ ಮೇಲೆ ಮಗಳಿಗೆ ಇದನ್ನು ಉಡಿಸಲೇ?" ಎಂದು ಸೀರೆಯನ್ನು ಅಲ್ಲೇ ಬಿಟ್ಟು ಹೋದಳು.

ನೇಕಾರ ಸೀರೆಯನ್ನು ಅಂಗಳಕ್ಕೆ ಒಯ್ದು ನೋಡಿದ. ಇಟ್ಟಿಗೆ. ಒಳಗೆ ತಂದು ನೋಡಿದ. ಕುಂಕುಮ. ಚಪ್ಪಲಿಯನ್ನೂ ಮೆಟ್ಟದೆ ಗೆಳೆಯನ ಮನೆಗೆ ಓಡಿದ.

ಬಣ್ಣಗಾರ ಬಯ್ಯಲಿಲ್ಲ. ಆ ಲಡಿಗಳನ್ನೇ ತಂದು ಕೊಟ್ಟ. ನೇಕಾರ ಹಳೆಯ ಬಲ್ಬನ್ನು ಮಗ್ಗದ ಮೇಲೆ ಹಾಕಿದ, ಹೊಸದನ್ನು ಅಡುಗೆಮನೆಗೆ ಕೊಟ್ಟ. ಮತ್ತೊಂದು ಸೀರೆ ನೇಯ್ದು ಮದುವೆಗೆ ಮೊದಲೇ ಮುಟ್ಟಿಸಿದ. ಎಲ್ಲ ಸರಿಹೋಯಿತು. ಆದರೆ ಬಣ್ಣಗಾರ ಮತ್ತೆಂದೂ ಅವನ ಹೊಸ್ತಿಲು ದಾಟಲಿಲ್ಲ. ನೂಲು ತಂದರೆ ಬೀದಿಯಲ್ಲೇ ನಿಂತು, "ಬಿಸಿಲಿದೆ, ನೋಡಿಕೊಳ್ಳಿ," ಎನ್ನುತ್ತಿದ್ದ. ಚಿಕ್ಕಂದಿನಿಂದ ನೀನು ಎಂದು ಕರೆದವನು ಈಗ ನೀವು ಎನ್ನುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನನ್ನ ಅನುಮಾನವೇ ಸರಿ. ಬಲ್ಬಿನದೇ ತಪ್ಪು," ಎಂದ ಶಿಷ್ಯ.

"ನೂಲನ್ನು ಕಪ್ಪಾಗಿ ತೋರಿಸಿದ್ದು ಬಲ್ಬು, ಗೆಳೆಯನನ್ನು ಕಳ್ಳನಾಗಿ ತೋರಿಸಿದ್ದು ಯಾವುದು?"