ಯೋನಪ್ಪನ ಗಂಗಾಳ

ಹಿಂದಕ್ಕೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲಲ್ಲಿದ್ದನೋ ಇಲ್ಲವೋ, ಕೆರೆಯ ಕೆಳಗೆ ಒಂದು ಊರು. ಆ ಊರಿನಲ್ಲಿ ಡಂಗುರ ಸಾರುವ ಯೋನಪ್ಪ ಇದ್ದನಂತೆ. ಅವನು ಹಲಗೆ ಬಾರಿಸಿ ಕೂಗಿದರೆ ಹೊಲದ ಎತ್ತುಗಳೂ ಕಿವಿ ನಿಗುರಿಸುತ್ತಿದ್ದವಂತೆ. ಅವನದೊಂದು ನೇಮ. ಹೇಳಿಕಳಿಸಿದ ಮಾತಿಗೆ ಒಂದಕ್ಷರ ಕೂಡಿಸಬಾರದು, ಒಂದಕ್ಷರ ನುಂಗಬಾರದು, ಕೊನೆಗೆ ಅದು ಯಾರ ಮಾತೆಂದು ಹೇಳಬೇಕು.

ಈ ಯೋನಪ್ಪ ಯೇಸುಸ್ವಾಮಿಯನ್ನು ನಂಬಿ ಹೆಂಡತಿಯೊಡನೆ ದೀಕ್ಷಾಸ್ನಾನ ಪಡೆದ; ಈ ಹೆಸರು ಬಂದದ್ದೂ ಆಗಲೇ. ಊರ ಗೌಡನಿಗೆ ಅದು ಸೇರಲಿಲ್ಲ. ಚಾವಡಿಗೆ ಕರೆಸಿ ಎರಡು ಮಾತು ಮುಂದಿಟ್ಟನಂತೆ. ಆ ಸ್ವಾಮಿಯನ್ನು ಬಿಟ್ಟೆನೆಂದು ಓಣಿ ಓಣಿಯಲ್ಲಿ ಸಾರು. ಇಲ್ಲವೇ, ನಾಳೆಯಿಂದ ಯೋನಪ್ಪನಿಗೆ ಬಾವಿಯ ನೀರಿಲ್ಲ, ಒಲೆಗೆ ನೆರೆಮನೆಯ ಕೆಂಡವಿಲ್ಲ, ಕೈಗೆ ಹಲಗೆಯಿಲ್ಲ ಎಂದು ನೀನೇ ಸಾರು.

ಯೋನಪ್ಪ ಹಲಗೆ ಹೆಗಲಿಗೇರಿಸಿ ನಡೆದ. ಎರಡನೆಯದನ್ನೇ ಸಾರಿದನಂತೆ. ಒಂದಕ್ಷರ ನುಂಗಲಿಲ್ಲ. 'ಇದು ಗೌಡರ ಮಾತು' ಎಂದು ಮುಗಿಸಿದ. ಕೊನೆಗೆ ತನ್ನ ಮನೆಯ ಮುಂದೆ ನಿಂತು ಅಲ್ಲೂ ಸಾರಿದ. ಹೆಂಡತಿ ಮಾರ್ತವ್ವ ಒಳಗಿನಿಂದಲೇ ಅಂದಳಂತೆ: "ಕೇಳಿಸ್ತ್ರೀ. ಕೆಂಡ ಇಲ್ಲದ್ದು ನಾಳಿಂದ. ಇವತ್ತಿನ ರೊಟ್ಟಿ ಬಿಸಿ ಅದಾವ, ಬಂದು ಉಣ್ರಿ."

ಬಾವಿ ತಪ್ಪಿದ ಮೇಲೆ ಅವನು ಕೆರೆ ಏರಿಯ ಬುಡದಲ್ಲಿ ಜಿನುಗುವ ಬಸಿನೀರಿಗೆ ಹೋಗತೊಡಗಿದ. ಕನ್ನಡಿಯಂಥ ನೀರು. ಮಳೆಗಾಲ ಬಂತು, ಕೆರೆ ತುಂಬಿ ನಿಂತಿತು. ಒಂದು ಬೆಳಿಗ್ಗೆ ನೋಡುತ್ತಾನೆ, ಬಸಿನೀರು ಕೆಂಪು ರಾಡಿ! ಒಳಗೆ ಏರಿಯ ಮಣ್ಣು ಕರಗುತ್ತಿದೆ.

ಸಾರೋಣವೆಂದರೆ ಹಲಗೆಯಿಲ್ಲ. ಮನೆಗೆ ಓಡಿ ಊಟದ ಕಂಚಿನ ಗಂಗಾಳ ಎತ್ತಿಕೊಂಡ, ಸವುಟಿನಿಂದ ಬಾರಿಸುತ್ತ ಊರೊಳಗೆ ನುಗ್ಗಿದ.

"ಏರಿ ಒಡಿತೈತಿ, ಗುದ್ದಲಿ ತರ್ರೀ! ಇದು ಯೋನಪ್ಪನ ಮಾತು!"

ಕಟ್ಟೆಯ ಮೇಲಿದ್ದವರು ನಕ್ಕರಂತೆ. "ನೀರಿಲ್ಲದವಗ ನೀರಿನ ಕನಸು ಬಿದ್ದೈತಿ!"

ಆಗ ಗೌಡನ ಮುದಿ ತಾಯಿ ಹೊಸ್ತಿಲ ಮೇಲೆ ಎದ್ದು ನಿಂತಳಂತೆ. "ಏನ್ ನಗ್ತೀರೋ? ತನ್ನ ಕೊರಳಿಗೆ ಬಂದ ಮಾತಿನಾಗ ಒಂದಕ್ಷರ ನುಂಗಲಿಲ್ಲ ಅವ. ನಿಮಗ ಸುಳ್ಳು ಹೇಳ್ತಾನೇನು? ಏಳ್ರಿ!"

ಊರೇ ಎದ್ದು ಓಡಿತು. ಕಲ್ಲು ಹಾಕಿದರು, ಮಣ್ಣು ಹಾಕಿದರು, ಸಂಜೆಗೆ ಏರಿ ನಿಂತಿತು. ಮಣ್ಣು ಬರುವತನಕ ಏರಿಯಲ್ಲಿ ನೀರು ಕೊರೆದ ಬಿಲಕ್ಕೆ ಯೋನಪ್ಪ ತನ್ನ ಬೆನ್ನನ್ನೇ ಒಡ್ಡಿ ಕೂತಿದ್ದ ಅನ್ನುವವರೂ ಇದ್ದಾರೆ. ನಾನು ಕಂಡವನಲ್ಲ, ಆದರೆ ನಂಬುತ್ತೇನೆ.

ಮರುದಿನ ಗೌಡ ತಾನೇ ಹಲಗೆ ತಂದುಕೊಟ್ಟು, ಬಹಿಷ್ಕಾರ ಇಲ್ಲವೆಂದು ಸಾರಲು ಹೇಳಿದ. ಆಮೇಲೆ ತಡೆದು ಕೇಳಿದನಂತೆ: "ನಿನ್ನ ಸ್ವಾಮಿ ಸತ್ತು ಎದ್ದಾನಂತೀಯಲ್ಲ, ಅದು ಯಾರ ಮಾತೋ?"

"ಕಣ್ಣಾರೆ ಕಂಡವರ ಮಾತ್ರೀ ಗೌಡ್ರ. ಮುಟ್ಟಿಸು ಅಂತ ನನ್ನ ಕೈಗೆ ಬಂದೈತಿ. ನುಂಗಾಕ ಬರಾಂಗಿಲ್ಲ."

ಗೌಡನ ಮನೆತನ ಇಂದಿಗೂ ತನ್ನ ದೇವರನ್ನೇ ಪೂಜಿಸುತ್ತದೆ. ಆದರೂ ಪುನರುತ್ಥಾನದ ಹಬ್ಬದ ನಸುಕಿನಲ್ಲಿ, ಚರ್ಚಿನ ಗಂಟೆಗೂ ಮೊದಲು, ಆ ಊರಿನ ಕ್ರೈಸ್ತರಾದ ನಾವು ಓಣಿಯಲ್ಲಿ ಗಂಗಾಳ ಬಾರಿಸುತ್ತೇವೆ. ಮೊದಲ ಗಂಗಾಳ ಆ ಮನೆಯದೇ ಆಗಬೇಕು. ಅಲ್ಲಿನ ಸೊಸೆ ಹುಣಸೆಹಣ್ಣು ಹಚ್ಚಿ ಬೆಳಗಿದ ಗಂಗಾಳವನ್ನು ಹೊಸ್ತಿಲಿಗೆ ತಂದು ಕೇಳುತ್ತಾಳೆ: "ಯಾರ ಮಾತ್ರೀ?"

"ಕಂಡವರ ಮಾತವ್ವಾ" ಅನ್ನುತ್ತೇವೆ. ಆಗ ಕೊಡುತ್ತಾಳೆ.