ಕರೆದು ಉಣ್ಣುವ ಮನೆ

ಹಾಲಯ್ಯನ ಮೌನ ಮುಗಿಯಲು ಹತ್ತೇ ದಿನ ಉಳಿದಿತ್ತು. ಅಷ್ಟರಲ್ಲಿ ಅವನ ಗುರು ಸಂಗಯ್ಯಜ್ಜ ಅವನನ್ನು ವಿಯೆಟ್ನಾಮಿಗೆ ಕರೆದುಕೊಂಡು ಹೊರಟರು.

ಮೌನ ಅಂದರೆ ಊಟದ ಮೌನ. ತಾಟಿನ ಮುಂದೆ ಕೂತಾಗಿನಿಂದ ಕೈ ತೊಳೆಯುವ ತನಕ ಒಂದು ಮಾತಿಲ್ಲ. ಹನ್ನೆರಡು ವರ್ಷದ ವ್ರತ, ನಡುವೆ ಮುರಿದರೆ ಮತ್ತೆ ಮೊದಲಿನಿಂದ. ಒಮ್ಮೆ ಪಂಕ್ತಿಯಲ್ಲಿ ಚೇಳು ಕಡಿದಾಗಲೂ ಈ ಪುಣ್ಯಾತ್ಮ ತುಟಿ ಬಿಚ್ಚದೆ ಮಜ್ಜಿಗೆ ಅನ್ನ ಮುಗಿಸಿಯೇ ಎದ್ದಿದ್ದ.

ಹನ್ನೆರಡು ತುಂಬಿದ ದಿನ ಅಜ್ಜ ಅವನಿಗೆ ಕಾವಿ ಕೊಡುವವರಿದ್ದರು. ಮಠದಲ್ಲಿ ಎಲ್ಲರಿಗೂ ಅದು ಗೊತ್ತಿತ್ತು. ಹಾಲಯ್ಯನಿಗೆ ತುಸು ಹೆಚ್ಚೇ ಗೊತ್ತಿತ್ತು.

"ಹತ್ತು ದಿನ ತಡದು ಹೋದ್ರ ಆಗಂಗಿಲ್ಲೇನ್ರಿ ಅಜ್ಜಾ?"

"ನ್ಯಾನವ್ವ ಕರದಾಳ," ಅಂದರು ಅಜ್ಜ. "ಕರದಾಗ ಹೋಗಬೇಕು."

ನ್ಯಾನವ್ವ ನಮ್ಮ ಕಡೆಯವಳಲ್ಲ. ಅವಳ ಹೆಸರು ನ್ಯಾನ್. ಮೂವತ್ತು ವರ್ಷದ ಹಿಂದೆ ಭತ್ತದ ಬಗ್ಗೆ ಓದಲು ವಿಯೆಟ್ನಾಮಿನಿಂದ ಧಾರವಾಡಕ್ಕೆ ಬಂದವಳು. ನಾಲ್ಕು ವರ್ಷ ಮಠದಲ್ಲಿ ಉಂಡಳು. ಮಠದವರು ಹೆಸರಿಗೆ ಒಂದು ಅವ್ವ ಸೇರಿಸಿದರು, ಅವಳು ನಮ್ಮ ಭಾಷೆ ಕಲಿತು ಹೋದಳು. ಈ ವರ್ಷ ಅಪ್ಪನ ತಿಥಿಗೆ ಅಜ್ಜ ಬರಲೇಬೇಕು ಅಂತ ಹಟ ಹಿಡಿದು ಕರೆಸಿದ್ದಳು.

ವಿಮಾನದಲ್ಲಿ ಹಾಲಯ್ಯ ಕೇಳಿದ. "ಆ ದೇಶದಾಗ ನಾ ಏನ ಕಲೀಬೇಕ್ರಿ ಅಜ್ಜಾ?"

"ಉಣ್ಣಾಕ ಕಲಿ."

ಹಾಲಯ್ಯ ನಕ್ಕ. ಊಟದ ವಿಷಯದಲ್ಲಿ ತನಗೆ ಯಾರಾದರೂ ಕಲಿಸುವುದು ಏನು ಉಳಿದಿದೆ ಅಂತ ಅವನ ಎಣಿಕೆ.

ಮನೆ ಹೊಳೆದಂಡೆಯಲ್ಲಿತ್ತು. ಅಂಗಳದಲ್ಲಿ ಬಾವಿ, ಒಳಗೆ ಚಾಪೆ, ಗೋಡೆಗೆ ಹಿರಿಯರ ಪಟಗಳಿಟ್ಟ ಎತ್ತರದ ಪೀಠ. ಮನೆಯಲ್ಲಿ ಇದ್ದವರು ಇಬ್ಬರೇ, ನ್ಯಾನ್ ಮತ್ತು ಅವಳ ತಾಯಿ. ತಾಯಿಗೆ ಎಂಬತ್ತಾರು ವರ್ಷ. ಊರೆಲ್ಲ ಅವಳನ್ನು ಮೆ ಅನ್ನುತ್ತಿತ್ತು. ಆ ಸೀಮೆಯಲ್ಲಿ ಮೆ ಅಂದರೆ ಅಜ್ಜಿ.

ಮೆ ಅಜ್ಜಿಗೆ ಕಣ್ಣು ಹೋಗಿ ಆರು ವರ್ಷವಾಗಿತ್ತು.

ಮಧ್ಯಾಹ್ನ ಚಾಪೆಯ ನಡುವೆ ದೊಡ್ಡ ಹರಿವಾಣ ಬಂತು. ಅದರಲ್ಲಿ ಸೊಪ್ಪು, ಹುಣಸೆ ಸಾರು, ಸೋಯಾ ಹಾಲಿನ ಗಿಣ್ಣಿನಂಥ ತೋಫು. ಮಠದವರು ಬಂದಿದ್ದಾರೆ ಅಂತ ಮೀನು ಮಾಂಸ ಒಲೆಯ ಹತ್ತಿರ ಸುಳಿಯದಂತೆ ನ್ಯಾನ್ ನೋಡಿಕೊಂಡಿದ್ದಳು. ಎಲ್ಲರ ಕೈಗೂ ಒಂದೊಂದು ಅನ್ನದ ಬಟ್ಟಲು ಕೊಟ್ಟಳು.

"ಅಜ್ಜಾ, ನಮ್ಮಲ್ಲಿ ಒಂದು ಪದ್ಧತಿ ಐತಿ," ಅಂದಳು ನ್ಯಾನ್. "ಸಣ್ಣವರು ದೊಡ್ಡವರನ್ನ ಊಟಕ್ಕ ಕರೀಬೇಕು. ಚಾಪಿ ಮ್ಯಾಲ ಕುಂತು, ಬಟ್ಟಲ ಕೈಯಾಗ ಹಿಡಕೊಂಡು, ಒಬ್ಬೊಬ್ಬರನ್ನ ಕರೀಬೇಕು. ಆಮ್ಯಾಲ ಉಣ್ಣಬೇಕು."

ಅವಳು ತಾಯಿಯ ಕಡೆ ತಿರುಗಿ ಹೇಳಿದಳು. "ಮೊಯ್ ಮೆ ಅನ್ ಕೊಮ್."

ಅಷ್ಟೇ. ಅಜ್ಜಿ, ಉಣ್ಣು ಬಾ ಅನ್ನುವುದು.

ಎಪ್ಪತ್ನಾಲ್ಕರ ಸಂಗಯ್ಯಜ್ಜ ಬಟ್ಟಲು ಎತ್ತಿ, ನಾಲಿಗೆ ತೊಡರಿಸಿಕೊಂಡು, ಆ ನಾಲ್ಕು ಶಬ್ದ ಹೇಳಿದರು. ಮೆ ಅಜ್ಜಿ ಬಾಯಿ ಮುಚ್ಚಿಕೊಂಡು ನಕ್ಕಳು. ಮುಪ್ಪಿನ ಮಗುವೊಂದು ಮನೆಗೆ ಬಂದಿದೆ ಅಂದಳಂತೆ.

ಆಮೇಲೆ ಅಜ್ಜಿ ಮುಖ ತಿರುಗಿಸಿ, ಮೂರನೆಯ ದನಿಗಾಗಿ ಕಿವಿಯಿಟ್ಟಳು.

ಹಾಲಯ್ಯ ಬಟ್ಟಲು ಕೆಳಗಿಟ್ಟು ಎರಡೂ ಕೈ ಮುಗಿದ. ಹಣೆ ಚಾಪೆಗೆ ಮುಟ್ಟುವಷ್ಟು ಬಾಗಿದ. ಕಣ್ಣಿಲ್ಲದವಳಿಗೆ ಎಷ್ಟು ಬಾಗಿದರೆ ಏನು ಬಂತು?

ನ್ಯಾನ್ ಅವನ ವ್ರತದ ಮಾತು ತಾಯಿಗೆ ತಿಳಿಸಿ ಹೇಳಿದಳು. ಅಜ್ಜಿ ಅರ್ಥವಾದವಳಂತೆ ತಲೆ ಆಡಿಸಿದಳು.

"ನೀನೂ ಮಠದಾಗ ನಾಲ್ಕು ವರ್ಷ ಉಂಡಾಕಿ," ಅಂತ ಹಾಲಯ್ಯ ಕೈ ತೊಳೆದ ಮೇಲೆ ನ್ಯಾನ್‌ಗೆ ಹೇಳಿದ. "ಮೌನ ಅಂದ್ರೇನು ನಿನಗ ಗೊತ್ತಲ್ಲ."

"ಮಠದ್ದು ಗೊತ್ತೋ ತಮ್ಮಾ. ಇದು ಮನಿ."

ಎರಡನೆಯ ದಿನ ಅವನು ಅಲ್ಲಿಯವರು ಉಣ್ಣುವ ಜೋಡಿ ಕಡ್ಡಿಗಳ ಜೊತೆ ಹೆಣಗಾಡಿ ಬೇಸತ್ತು, ಎರಡನ್ನೂ ಅನ್ನದ ನಡುವೆ ನೆಟ್ಟಗೆ ಚುಚ್ಚಿ ನೀರು ಕುಡಿದ. ನ್ಯಾನ್ ಹೌಹಾರಿ ಅವನ್ನು ಕಿತ್ತಳು.

"ಅಯ್ಯೋ ನಿನ್ನ! ಹಂಗ ಚುಚ್ಚಬಾರದು. ಸತ್ತವರಿಗೆ ಇಡೋ ಬಟ್ಟಲಕ್ಕ ಹಂಗ ಚುಚ್ಚೋದು!"

ಹಾಲಯ್ಯ ಕಿವಿ ಹಿಡಿದುಕೊಂಡ. ಅಂದಿನಿಂದ ಕೈಯಲ್ಲೇ ಉಂಡ.

ಮೂರನೆಯ ದಿನ ಒಂದು ಸಂಗತಿ ಅವನ ಕಣ್ಣಿಗೆ ಬಿತ್ತು. ಮೆ ಅಜ್ಜಿ ತೋಫುವಿನ ಒಳ್ಳೆಯ ತುಂಡೊಂದನ್ನು ತನ್ನ ಬಟ್ಟಲ ಅಂಚಿಗೆ ಸರಿಸಿಟ್ಟು, ಊಟ ಮುಗಿದರೂ ಮುಟ್ಟದೆ ಬಿಟ್ಟಿದ್ದಳು. ಅನ್ನವನ್ನೂ ಅರ್ಧ ಉಳಿಸಿದ್ದಳು.

"ಯಾಕ ಬಿಟ್ಲು?" ಅಂತ ಆಮೇಲೆ ಕೇಳಿದ.

"ನಿನಗ ಇಟ್ಟಾಳ," ಅಂದಳು ನ್ಯಾನ್. "ನೀ ಬಂದಿಲ್ಲ ಅಂದ್ಕೊಂಡಾಳ."

"ನಾ ಅಲ್ಲೇ ಕುಂತಿದ್ನಲ್ಲ! ನೀ ಹೇಳ್ಲಿಲ್ಲೇನು?"

"ದಿನಾ ಹೇಳ್ತೀನಿ. ನಂಬಂಗಿಲ್ಲ. ಚಾಪಿ ಮ್ಯಾಲ ಯಾರದಾರ, ಯಾರಿಲ್ಲ, ಅಕಿಗೆ ದನಿಲೇ ಗೊತ್ತಾಗೋದು. ನನ್ನ ಮನಸ್ಸು ನೋಯಬಾರದು ಅಂತ ಮೊದಲ ದಿನ ತಲಿ ಆಡಿಸಿದ್ಲು, ಅಷ್ಟ."

ನ್ಯಾನ್ ಅವನ ಪರವಾಗಿ ತಾನೇ ಕರೆದು ನೋಡಿದಳು. "ಅವನಿಗೇನು ಬಾಯಿಲ್ಲವಾ?" ಅಂತ ಅಜ್ಜಿ ಮಗಳಿಗೇ ಬೈದಳು.

ಐದನೆಯ ದಿನ ಹಾಲಯ್ಯ ಒಂದು ಉಪಾಯ ಹೂಡಿದ. ಊಟಕ್ಕೆ ಕೂಡುವ ಮುಂಚೆ ಮಾತಾಡಿದರೆ ವ್ರತಕ್ಕೆ ಏನೂ ಆಗುವುದಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತು, ಗಂಟಲು ಸರಿಮಾಡಿಕೊಂಡು, "ಮೊಯ್ ಮೆ ಅನ್ ಕೊಮ್!" ಅಂತ ಕೂಗಿದ.

ಒಳಗಿನಿಂದ ಅಜ್ಜಿ ಏನೋ ಕೂಗಿದಳು. ನ್ಯಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬಾವಿ ಹತ್ತಿರ ನಿಂತು ಯಾರು ಊಟಕ್ಕ ಕರೀತಾರ, ಒಳಗ ಬಂದು ಕುಂಡ್ರು ಅಂತಾಳ!"

ಅವನು ಒಳಗೆ ಹೋಗಿ ಕೂತ. ಕೂತ ಮೇಲೆ ಮೌನ. ಅಜ್ಜಿ ಬಾಗಿಲ ಕಡೆಗೆ ಕಿವಿಯಿಟ್ಟು ಬಹಳ ಹೊತ್ತು ಕಾದಳು. ಹುಡುಗ ಬಾವಿಯಿಂದಲೇ ಎಲ್ಲೋ ಹೋಗಿಬಿಟ್ಟ ಅಂತ ಪೇಚಾಡಿಕೊಂಡಳು. ಅವತ್ತು ಎರಡು ತುಂಡು ಎತ್ತಿಟ್ಟಳು.

ಅಜ್ಜಿ ಬಡವಾಗುತ್ತಿದ್ದಳು. ಮೊದಲೇ ಹಿಡಿ ದೇಹ, ಕೈಯ ಮೂಳೆ ಎದ್ದು ಕಾಣುತ್ತಿತ್ತು.

ಆರನೆಯ ದಿನ ಹಾಲಯ್ಯ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದ ಸಂಗಯ್ಯಜ್ಜರ ಹತ್ತಿರ ಹೋದ.

"ಅಜ್ಜಾ, ಒಂದು ಮಾತು. ನೀವು ಅಪ್ಪಣಿ ಕೊಟ್ರ ವ್ರತ ಮುರೀತೀನ್ರಿ."

"ವ್ರತ ಯಾರದು?"

"ನಂದು."

"ಮತ್ತ ನನ್ನನ್ಯಾಕ ಕೇಳ್ತಿ?"

"ಹಂಗಾರ ಮುರೀಬ್ಯಾಡ ಅಂತೀರೇನ್ರಿ?"

"ಹಂಗ ಅಂದ್ನೇನು?"

ಹಾಲಯ್ಯನಿಗೆ ಸಿಟ್ಟು ಬಂತು. "ಹನ್ನೆರಡು ವರ್ಷ ಅಜ್ಜಾ! ನಾಕು ದಿನ ಉಳದಾವು. ನಿಮಗ ಹಗುರ ಅನಸ್ತದ."

ಅಜ್ಜ ಕೈಯಲ್ಲಿದ್ದ ಸಣ್ಣ ಕಲ್ಲೊಂದನ್ನು ಅವನ ಅಂಗೈಯಲ್ಲಿಟ್ಟು ಬಿಗಿಯಾಗಿ ಮುಷ್ಟಿ ಮುಚ್ಚಿಸಿದರು.

"ಈ ಕೈಲೆ ನನ್ನ ಎಬ್ಬಸು ನೋಡೋಣು. ಮಣಕಾಲು ಹಿಡಕೊಂಡಾವು."

ಹಾಲಯ್ಯ ಮುಷ್ಟಿ ಬಿಚ್ಚದೆ ಮೊಣಕೈಯಿಂದ ಎತ್ತಲು ನೋಡಿದ. ಆಗಲಿಲ್ಲ. ಅಜ್ಜ ಗೋಡೆ ಹಿಡಿದು ತಾವೇ ಎದ್ದು ಹೋದರು.

ಒಂಬತ್ತನೆಯ ದಿನ ತಿಥಿ. ಮರುದಿನ ಬೆಳಿಗ್ಗೆಯೇ ಇವರಿಬ್ಬರೂ ಊರಿಗೆ ಹೊರಡಬೇಕು. ಹಾದಿಯಲ್ಲಿ ಒಂದು ಊಟ ಆದರೆ ವ್ರತ ಪೂರ್ಣ.

ನ್ಯಾನ್ ಪೀಠದ ಮೇಲೆ ಎಡೆ ಇಟ್ಟಳು. ಅಲ್ಲಿ ಮೂರು ಪಟಗಳಿದ್ದವು. ಮೆ ಅಜ್ಜಿಯ ಗಂಡನದು, ಚಿಕ್ಕ ವಯಸ್ಸಿಗೇ ಯುದ್ಧದಲ್ಲಿ ಹೋದ ಇಬ್ಬರು ಗಂಡುಮಕ್ಕಳದು. ಮೆ ಅಜ್ಜಿ ಊದುಬತ್ತಿ ಹಿಡಿದು ನಿಂತು ಮಾತಾಡತೊಡಗಿದಳು. ಮಂತ್ರದ ರಾಗವಿರಲಿಲ್ಲ. ಬೇಗ ಬಾ, ಸಾರು ತಣ್ಣಗಾಗುತ್ತೆ ಅಂತ ಹೊಲದಲ್ಲಿರುವವರನ್ನು ಕರೆಯುವ ದನಿ.

"ಏನಂತಾಳ?" ಹಾಲಯ್ಯ ಮೆಲ್ಲಗೆ ಕೇಳಿದ.

"ಊಟಕ್ಕ ಕರಿಯಾಕತ್ತಾಳ. ಅಪ್ಪನ್ನ, ಅಣ್ಣಂದಿರನ್ನ. ಊದಿನಕಡ್ಡಿ ಉರದು ಮುಗಿಯೋತನಕ ಅವರು ಉಣ್ತಾರ. ಆಮ್ಯಾಲ ನಾವು."

"ಅವರೇನರ ಅಂತಾರೇನು?"

"ಇಲ್ಲೋ. ಸತ್ತವರು ಎಲ್ಲೆ ಮಾತಾಡ್ತಾರ?"

ಊದುಬತ್ತಿ ಉರಿದು ಮುಗಿಯಿತು. ಎಲ್ಲರೂ ಚಾಪೆಗೆ ಬಂದರು. ನ್ಯಾನ್ ತಾಯಿಯನ್ನು ಕರೆದಳು, ಸಂಗಯ್ಯಜ್ಜರನ್ನು ಕರೆದಳು. ಸಂಗಯ್ಯಜ್ಜ ಮೆ ಅಜ್ಜಿಯನ್ನು ಕರೆದರು. ಒಂಬತ್ತು ದಿನದಲ್ಲಿ ಅವರ ನಾಲಿಗೆ ಚೆನ್ನಾಗಿ ತಿರುಗಿತ್ತು.

ಮೆ ಅಜ್ಜಿ ಮುಖ ತಿರುಗಿಸಿ ಕಾದಳು.

ಹಾಲಯ್ಯ ಬಟ್ಟಲು ಹಿಡಿದು ಕೂತಿದ್ದ. ಅವನಿಗೂ ಅವಳಿಗೂ ನಡುವೆ ಒಂದು ಮೊಳ ದೂರ.

ಅಜ್ಜಿ ಕಡ್ಡಿಗಳನ್ನು ಕೆಳಗಿಟ್ಟಳು. ಮಗಳಿಗೆ ಏನೋ ಹೇಳಿದಳು. ನ್ಯಾನ್ ಕಣ್ಣು ಒರೆಸಿಕೊಂಡಳು, ತಿಳಿಸಿ ಹೇಳಲಿಲ್ಲ.

"ಹೇಳವ್ವ," ಅಂದರು ಸಂಗಯ್ಯಜ್ಜ.

"'ಈ ಮನಿಯೊಳಗ ಮಾತಾಡದ ಉಣ್ಣೋರು ಆ ಮ್ಯಾಲಿನ ಮೂರು ಮಂದಿ ಅಷ್ಟ,' ಅಂತಾಳ. 'ಅಷ್ಟು ದೂರದಿಂದ ಬಂದ ಕೂಸು ನನ್ನ ಮನಿಯಾಗ ಒಂಬತ್ತು ದಿನ ಉಪವಾಸ ಇತ್ತು. ನಾಳಿ ಅವನ ತಾಯಿ ಕೇಳಿದ್ರ ನಾ ಏನ ಹೇಳಲಿ? ನನಗ ಇವತ್ತು ಊಟ ಬ್ಯಾಡ,' ಅಂತಾಳ."

ಹಾಲಯ್ಯ ಸಂಗಯ್ಯಜ್ಜರನ್ನು ನೋಡಿದ. ಅಜ್ಜ ತಮ್ಮ ಅನ್ನ ನೋಡುತ್ತ ಕೂತಿದ್ದರು.

ಒಂದು ಊಟ. ಇದರ ಮೇಲೆ ಒಂದೇ ಒಂದು ಊಟ ತಡೆದರೆ ಸಾಕಿತ್ತು. ಕಾವಿ ಕಣ್ಣ ಮುಂದೆ ಬಂತು, ಮಠದ ಮಂದಿ ಬಂದರು, ಚೇಳು ಕಡಿದ ದಿನ ಎಲ್ಲರೂ ಬೆರಗಾಗಿ ನೋಡಿದ್ದು ಬಂತು. ಮುದುಕಿಯ ಬಟ್ಟಲ ಅಂಚಿನಲ್ಲಿ ತೋಫುವಿನ ತುಂಡಿತ್ತು.

"ಮೊಯ್," ಅಂದ ಹಾಲಯ್ಯ. ದನಿ ಒಡೆಯಿತು. ಮತ್ತೆ ಹೇಳಿದ. "ಮೊಯ್ ಮೆ ಅನ್ ಕೊಮ್."

ಮೆ ಅಜ್ಜಿ ಗಕ್ಕನೆ ಮುಖ ಎತ್ತಿದಳು. "ಓ!" ಅಂದಳು. ಬಾಯಿಯಲ್ಲಿ ಉಳಿದಿದ್ದ ಎರಡು ಹಲ್ಲು ಕಾಣುವಂತೆ ನಕ್ಕಳು. ಆ ದನಿ ಬಂದ ಕಡೆಗೆ ಕಡ್ಡಿಯಲ್ಲಿ ತೋಫು ಹಿಡಿದು ಚಾಚಿದಳು. ಅದು ಚಾಪೆಯ ಮೇಲೆ ಬಿತ್ತು. ಇನ್ನೊಂದು ಹಿಡಿದಳು. ಹಾಲಯ್ಯ ಬಟ್ಟಲನ್ನು ಮುಂದಕ್ಕೆ ಒಯ್ದ, ಅದು ಸರಿಯಾಗಿ ಅನ್ನದ ಮೇಲೆ ಬಿತ್ತು.

"ಗಟ್ಟಿಯಾಗಿ ಹೇಳಬೇಕಿತ್ತಪ್ಪ, ನನಗ ಕಿವಿನೂ ಮಂದ ಅಂತಾಳ!" ನ್ಯಾನ್ ಅಳುತ್ತಲೇ ನಗುತ್ತಿದ್ದಳು.

ಅಜ್ಜಿ ಉಂಡಳು. ಗಬಗಬ ಉಂಡಳು. ಬಟ್ಟಲು ಖಾಲಿ ಮಾಡಿ ಇನ್ನೊಂದು ಬಟ್ಟಲು ಕೇಳಿದಳು, ನಡುನಡುವೆ ಹಾಲಯ್ಯನ ಮೊಣಕಾಲು ತಡವಿ ನೋಡಿ ಅವನು ಅಲ್ಲೇ ಇದ್ದಾನೆ ಅಂತ ಖಾತ್ರಿ ಮಾಡಿಕೊಂಡಳು.

ಹಾಲಯ್ಯನಿಗೆ ಅಳು ತಡೆಯಲಾಗಲಿಲ್ಲ.

"ಹೋತಲ್ರೀ ಅಜ್ಜಾ," ಅಂದ. "ಹನ್ನೆರಡು ವರ್ಷ ಹೋತು. ಇನ್ನ ಮತ್ತ ಮೊದಲಿಂದ ಹಿಡೀಬೇಕೇನ್ರಿ?"

ಹಾಲಯ್ಯ ತಲೆಯೆತ್ತಿ ನೋಡಿದ. ಅಜ್ಜನ ಬಟ್ಟಲಲ್ಲಿ ಅನ್ನ ಹಾಕಿದ ಹಾಗೇ ಇತ್ತು. ಕೈ ಮೊಣಕಾಲ ಮೇಲಿತ್ತು.

ಮಠದಲ್ಲೂ ಅಜ್ಜ ದಿನಾ ಹೀಗೆಯೇ ತಾಟಿನ ಮುಂದೆ ಒಂದು ಗಳಿಗೆ ಸುಮ್ಮನೆ ಕೂಡುತ್ತಿದ್ದರು. ಪಕ್ಕದಲ್ಲಿ ಹಾಲಯ್ಯ ಉಣ್ಣತೊಡಗಿದ ಮೇಲೆಯೇ ಅವರು ತುತ್ತು ಎತ್ತುತ್ತಿದ್ದುದು. ಅದು ಧ್ಯಾನ ಅಂತ ಅವನು ತಿಳಿದಿದ್ದ.

"ಯಾಕ್ರೀ ಅಜ್ಜಾ, ಉಣ್ಣವಲ್ರಿ?"

"ನೀ ನನ್ನನ್ನ ಇನ್ನೂ ಕರದಿಲ್ಲಲ್ಲೋ ತಮ್ಮಾ," ಅಂದರು ಸಂಗಯ್ಯಜ್ಜ. "ಅನ್ನ ಆರಾಕತ್ತೈತಿ."